ಡ್ರೈವರ್ ಸೀಟಿನ ಕೆಳಗಿದ್ದ ಕ್ಯಾರಿಯರ್

ಇದನ್ನು ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇಷ್ಟು ವರ್ಷ ತಳ್ಳಿದೆ. ರಿಟೈರ್ ಆದಮೇಲೆ ಹೇಳೋಣ ಎಂದೆ, ಆದೆ. ಮಗಳ ಮದುವೆ ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ನಿಧಾನವಾಗಿ ಬರೆಯೋಣ ಎಂದೆ, ಎರಡೂ ಕಣ್ಣಿನದಾಯಿತು. ಈಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ನೆಪ ಮಾತ್ರ ಕಾಣುತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್ ಆಗಿದ್ದೆ. ಧರ್ಮಪುರಿ ಕಡೆಯ ಒಂದು ಡಿಪೋ, ಪೆನ್ನಾಗರಂ ಲೈನು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು. ಹೈಸ್ಕೂಲನ್ನು ಹೊಳೆಯಾಚೆ ಕೊಳ್ಳೇಗಾಲದ ಕಡೆ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದ್ದರಿಂದ ಕನ್ನಡ ಬರೆಯಲು ಬರುತ್ತದೆ. ನಮ್ಮೂರಲ್ಲಿ ಮಾತಾಡುವವರು ತುಂಬ, ಬರೆಯುವವರು ಕಡಿಮೆ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಡಿಪೋದ ಯೂನಿಯನ್ನಿಗೆ ಚುನಾವಣೆ ನಡೆದು ನಾನು ಕಾರ್ಯದರ್ಶಿಯಾದೆ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಅಧ್ಯಕ್ಷ. ಆತ ಡ್ರೈವರ್. ಖಜಾಂಚಿ ಒಬ್ಬ ಮೆಕ್ಯಾನಿಕ್. ಇಂಜಿನ್ ಜೊತೆ ಬಿಟ್ಟರೆ ಇನ್ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನಾವು ಮೂವರೂ ಬಿಳಿ ಷರಟು ಹೊಲಿಸಿಕೊಂಡೆವು. ಅದನ್ನು ಹಾಕಿಕೊಂಡು ಊರಿಗೆ ಬಂದದ್ದೇ ತಡ, ಜನ ನಮ್ಮನ್ನು 'ಯೂನಿಯನ್ ಆಪೀಸರ್' ಎಂದು ಕರೆಯತೊಡಗಿದರು. ಯೂನಿಯನ್ ಎಂದರೆ ಸರ್ಕಾರದ್ದೇ ಯಾವುದೋ ದೊಡ್ಡ ಇಲಾಖೆ ಎಂದು ಅವರ ಎಣಿಕೆ. ತಿದ್ದಬೇಕಿತ್ತು. ತಿದ್ದಲಿಲ್ಲ.

ಒಂದು ದಿನ ಕೆಳಬೀದಿಯ ಅಜ್ಜಿ ಜಗಲಿಯ ಮೇಲೆ ಬಂದು ಕೂತಳು.

"ಆಪೀಸರ್ ಸಾಮಿ, ನನ್ನ ಎಮ್ಮೆ ಒದೀತೈತೆ. ಆಲು ಕರ್ಯಕ್ಕೆ ಬಿಡಾಕಿಲ್ಲ. ಒಸಿ ಯೋಳಿ."

"ಎಮ್ಮೆಗೆ ನಾನೇನ್ ಯೋಳ್ಲಿ ಅಜ್ಜಿ?"

"ನಿಮ್ ಯೂನಿಯನ್ನಾಗೆ ಸೇರಿಸ್ಕೊಳಿ. ಅದ್ಕೂ ಏನೋ ಕೋರಿಕೆ ಇರ್ಬೋದು."

ಒಳಗೆ ನನ್ನ ಹೆಂಡತಿ ನಗು ತಡೆಯಲಾರದೆ ಒಲೆ ಊದುವ ಕೊಳವೆಯನ್ನೇ ಕೆಳಗೆ ಬೀಳಿಸಿದಳು.

ಭಾವನ ಮಾತೂ ಇಲ್ಲಿ ಸ್ವಲ್ಪ ಹೇಳಬೇಕು. ಆತ ಮೊದಲು ಕಾರಿಮಂಗಲಂ ಕಡೆಯಿಂದ ಮಾವಿನಹಣ್ಣಿನ ಲಾರಿ ಓಡಿಸುತ್ತಿದ್ದವನು. ದೇಹ ದೊಡ್ಡದು, ಊಟ ಅದಕ್ಕಿಂತ ದೊಡ್ಡದು. ಡಿಪೋ ಗೇಟಿನ ಮುಂದೆ ಸ್ಟೂಲು ಹತ್ತಿ ನಿಂತು "ಅನ್ಬಾರ್ಂದ ತೋಳರ್ಗಳೇ" ಎಂದು ಶುರುಮಾಡಿದರೆ ಮೈಕು ಬೇಕಿರಲಿಲ್ಲ. ಆದರೆ ಆ 'ಪ್ರೀತಿಯ ಸಂಗಾತಿಗಳೇ' ಆದಮೇಲೆ ಏನು ಹೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ನಾನು ಕೆಳಗೆ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಿದ್ದೆ. ನನ್ನ ಮಾತು ಅವನ ಗಂಟಲಲ್ಲಿ ಸಿಂಹವಾಗಿ ಹೊರಗೆ ಬರುತ್ತಿತ್ತು. ಚಪ್ಪಾಳೆ ಅವನಿಗೆ. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿಗೆ ಅಪ್ಪ ಅಮ್ಮ ಇರಲಿಲ್ಲ. ತವರು ಎಂದರೆ ಈ ಅಣ್ಣನೊಬ್ಬನೇ. ತಾನು ಓಡಿಸುವ ಪೆನ್ನಾಗರಂ ಬಸ್ಸು ನಮ್ಮ ಮನೆಯ ಮುಂದೆ ಹಾಯುವಾಗ ಆತ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬೇಲಿಯ ಹತ್ತಿರ ಓಡುತ್ತಿದ್ದಳು. ಕಿಟಕಿಯಿಂದ ಒಂದು ಪೊಟ್ಟಣ ಹಾರಿ ಬರುತ್ತಿತ್ತು. ಒಮ್ಮೆ ಹೂವು, ಒಮ್ಮೆ ಕಡಲೆಕಾಯಿ. ಪ್ರತಿ ಪೊಂಗಲ್‌ಗೂ ಸೀರೆ, ಬೆಲ್ಲ, ಕಬ್ಬಿನ ಜಲ್ಲೆ ಹೊತ್ತು ತಾನೇ ಬರುತ್ತಿದ್ದ. ಅವಳ ವರ್ಷ ಆ ಎರಡು ಹಾರನ್‌ಗಳ ಮೇಲೆ ನಡೆಯುತ್ತಿತ್ತು.

ಇನ್ನು ಉಪವಾಸದ ವಿಷಯ. ಡಿಪೋದ ರೆಸ್ಟ್‌ ರೂಮಿನ ಹಾಸಿಗೆಗಳಲ್ಲಿ ತಿಗಣೆ. ಸಾಧಾರಣ ತಿಗಣೆಗಳಲ್ಲ, ಸೀನಿಯಾರಿಟಿ ಇರುವ ತಿಗಣೆಗಳು. ಹೊಸ ಹಾಸಿಗೆ ಕೊಡಿ ಎಂದು ಅರ್ಜಿ ಬರೆದು ಬರೆದು ಸಾಕಾಗಿ, ಗೇಟಿನ ಮುಂದೆ ಶಾಮಿಯಾನ ಹಾಕಿ ಪದಾಧಿಕಾರಿಗಳು ಮೂರು ದಿನ ಉಪವಾಸ ಕೂರುವುದೆಂದು ತೀರ್ಮಾನಿಸಿದೆವು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಕೊನೆಯ ದಿನ ಸೇಲಂನಿಂದ ನಾಯಕರು ಬಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತಾರೆ.

ಲೈನಿನ ಮೇಲಿದ್ದಾಗ ಎಷ್ಟೋ ದಿನ ಎಂಟರಿಂದ ಐದರವರೆಗೆ ನಾವು ಏನೂ ತಿನ್ನುತ್ತಿರಲಿಲ್ಲ, ಅದು ನೆನಪಿಗೂ ಬರುತ್ತಿರಲಿಲ್ಲ. ಸುಮ್ಮನೆ ಕೂತರೆ ಬೇರೆ. ಎದುರಿಗಿದ್ದ ಟೀ ಅಂಗಡಿಯವನು ವಿರೋಧಿ ಯೂನಿಯನ್ನಿನ ಕಾರ್ಯದರ್ಶಿಯ ಷಡ್ಡಕ. ಅವನು ಒಲೆಯನ್ನು ಗಾಳಿ ಬರುವ ಕಡೆಗೆ ಜರುಗಿಸಿಕೊಂಡು ಬಜ್ಜಿ ಕರಿಯತೊಡಗಿದ.

"ಮಾಪ್ಳೆ, ಟೈಮ್ ಎಷ್ಟು?" ಭಾವ ಕೇಳಿದ. ತಂಗಿಯ ಗಂಡನೆಂದು ನನ್ನನ್ನು ತಮಿಳಿನಲ್ಲಿ ಹಾಗೆ ಕರೆಯುತ್ತಿದ್ದ.

"ಒಂಬತ್ತೂ ಕಾಲು ಬಾವ."

"ಗಡಿಯಾರ ನಿಂತೋಗೈತಾ ನೋಡು."

"ಓಡ್ತಾ ಐತೆ."

"ನಿಧಾನಕ್ಕೆ ಓಡ್ತಾ ಐತೆ ಕಣ್ಲಾ. ಮೆಕ್ಯಾನಿಕ್‌ಗೆ ಕೊಡು."

ಹೀಗೆ ಗೋಳಾಡಿದರೂ ಆತ ಮೂರು ದಿನವೂ ಒಂದು ಕಾಳು ಮುಟ್ಟಲಿಲ್ಲ. ಮುಟ್ಟಿದವನು ನಾನು.

ಮೊದಲ ದಿನ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಡಿಪೋದ ಹಿಂದೆ, ಬೇಲಿ ಹರಿದ ಕಡೆ, ಕಂಡೆಮ್ ಆಗಿ ಗುಜರಿಗೆ ಬಿದ್ದ ಬಸ್ಸೊಂದು ನಿಂತಿದೆ. ಮಧ್ಯಾಹ್ನ ಅದರೊಳಗೆ ಊಟದ ಕ್ಯಾರಿಯರ್ ಇಟ್ಟು ಹೋಗು, ಮೂರು ಗಂಟೆಗೆ ಬಂದು ತೆಗೆದುಕೋ.

"ಉಪಾಸ ಅಂದ್ರಲ್ಲ?"

"ಅದು ಮುಂದ್ಗಡೆ. ಇದು ಇಂದ್ಗಡೆ."

"ಅಣ್ಣಂಗೂ ಇಡ್ಲಾ?"

"ಬ್ಯಾಡ. ಅವ್ರು ಅಧ್ಯಕ್ಷರು."

ನಮ್ಮ ಬಸ್ಸುಗಳಲ್ಲಿ ಒಂದು ಪದ್ಧತಿಯಿದೆ. ಡ್ರೈವರ್‌ನ ಬುತ್ತಿ, ಟವೆಲು ಅವನ ಸೀಟಿನ ಕೆಳಗೆ. ಕಂಡಕ್ಟರ್‌ನದು ಹಿಂದಿನ ಸೀಟಿನಲ್ಲಿ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಆದರೆ ಆ ಕಂಡೆಮ್ ಬಸ್ಸಿನ ಹಿಂದಿನ ಸೀಟುಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಉಳಿದಿದ್ದದ್ದು ಡ್ರೈವರ್ ಸೀಟು ಒಂದೇ. ಅದರ ಕೆಳಗೇ ಇಡು ಎಂದೆ. ಎರಡನೆಯ ದಿನ ಒಂದಕ್ಕೆ ಹೋಗಿ ಬರುತ್ತೇನೆಂದು ಎದ್ದು ಹೋಗಿ, ಮುದ್ದೆ, ಅವರೆಕಾಳಿನ ಸಾರು ಉಂಡು, ಬಾಯಿ ಒರೆಸಿಕೊಂಡು, ಮುಖವನ್ನು ಬಾಡಿಸಿಕೊಂಡು ಬಂದು ಕೂತೆ.

"ಎಷ್ಟೊತ್ತು ಓಗ್ತೀಯ ಮಾಪ್ಳೆ?"

"ನಿಶ್ಶಕ್ತಿ ಬಾವ. ಕಾಲು ಬರಾಕಿಲ್ಲ."

ಭಾವ ತನ್ನ ದಿಂಬನ್ನು ನನಗೆ ಕೊಟ್ಟ.

ಮೂರನೆಯ ದಿನವೂ ಹಾಗೇ ಉಂಡು, ಒಂದಿಷ್ಟು ಮುದ್ದೆ, ಸಾರು ಉಳಿಸಿ ಬಂದೆ. ಸುಮಾರು ಮೂರು ಗಂಟೆಗೆ ಶಾಮಿಯಾನದ ಹಿಂದೆ ಗದ್ದಲ. ವಿರೋಧಿ ಯೂನಿಯನ್ನಿನ ಕಾರ್ಯದರ್ಶಿ, ಉದ್ದನೆಯ ಆಸಾಮಿ, ನಮ್ಮ ಕ್ಯಾರಿಯರನ್ನು ಎತ್ತಿ ಹಿಡಿದುಕೊಂಡು ಬಂದ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ನಮ್ಮದೇ ಮೈಕು. ನಲವತ್ತು ಜನ ಸೇರಿದರು.

"ತೋಳರ್ಗಳೇ! ಹಿಂದಿನ ಕಂಡೆಮ್ ಬಸ್ಸಿನಲ್ಲಿ ಡ್ರೈವರ್ ಸೀಟಿನ ಕೆಳಗೆ ಸಿಕ್ಕಿದ ಮುದ್ದೆ ಇದು! ಈ ಮೂವರಲ್ಲಿ ಡ್ರೈವರ್ ಯಾರು?" ಎಂದು ತಮಿಳಿನಲ್ಲಿ ಕೂಗಿದ. ಆಮೇಲೆ ಕ್ಯಾರಿಯರನ್ನು ತಿರುಗಿಸಿ, "ಹೆಸರು ಬೇರೆ ಕೊರೆದಿದೆ!" ಎಂದು ಓದಿದ.

ಓದಿದ್ದು ಭಾವನ ಹೆಸರು. ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸುವುದು ನಮ್ಮ ಕಡೆಯ ರೂಢಿ, ಆ ಗದ್ದಲದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ನಮ್ಮ ಮದುವೆಗೆ ಕ್ಯಾರಿಯರ್ ಕೊಟ್ಟವನು ಭಾವ. ಅಡುಗೆಮನೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದ ಆ ಹೆಸರು ನನಗೆ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ.

ಅದೇ ಹೊತ್ತಿಗೆ ಕ್ಯಾರಿಯರ್ ಒಯ್ಯಲು ನನ್ನ ಹೆಂಡತಿ ಬೇಲಿ ನುಸುಳಿ ಬಂದಳು. ಉದ್ದನೆಯವನು ಅವಳನ್ನು ತಡೆದ. ಅವನೂ ಮನೆಯಲ್ಲಿ ಕನ್ನಡದವನೇ.

"ಏನಮ್ಮಾ, ಇದು ಯಾರ್ಗೆ ತಂದಿದ್ದು? ಯೋಳು."

ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲಿ ಅವಳ ಅಣ್ಣನ ಕಡೆಗೆ ತೋರಿಸಿದೆ. ಅಷ್ಟೇ. ರೆಪ್ಪೆ ಒಂದು ಸಲ ಆಡಿದಷ್ಟು.

ಅವಳು ತಲೆ ಬಗ್ಗಿಸಿ, "ಅಣ್ಣಂಗೆ" ಎಂದಳು.

ಭಾವ ತಂಗಿಯನ್ನು ನೋಡಿದ. ಆಮೇಲೆ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, "ಔದಪ್ಪಾ, ನಂದೇ. ಇದು ಯೂನಿಯನ್ ಮಾತು ಕೇಳಾಕಿಲ್ಲ, ಏನ್ ಮಾಡ್ಲಿ?" ಎಂದ. ಜನ ನಕ್ಕರು. ಮ್ಯಾನೇಜರ್ ಕಿಟಕಿಯಿಂದ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಐದು ಗಂಟೆಗೆ ಬಂದ ಸೇಲಂ ನಾಯಕರು ಅಧ್ಯಕ್ಷನನ್ನು ಬಿಟ್ಟು, ನಿಷ್ಠಾವಂತ ಉಪವಾಸಿ ಎಂದು ಮೊದಲ ಲೋಟ ನನಗೆ ಕುಡಿಸಿದರು. ನಾನು ಕುಡಿದೆ. ಅವರೆಕಾಳು ಒಳಗೆ ಇನ್ನೂ ಕರಗಿರಲಿಲ್ಲ.

ಮರುವಾರ ಮ್ಯಾನೇಜರ್ ನಗುತ್ತಲೇ ಹೊಸ ಹಾಸಿಗೆಗೆ ಸಹಿ ಹಾಕಿದ. ತಿಂಗಳೊಳಗೆ ತಿಗಣೆಗಳು ಅವಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಂಡವು. ಮುಂದಿನ ಚುನಾವಣೆಯಲ್ಲಿ ಭಾವ ಸೋತ, ನಾನು ಅಧ್ಯಕ್ಷನಾದೆ. ಸ್ಟೂಲು ಹತ್ತಿ ನನ್ನ ಮಾತನ್ನು ನಾನೇ ಆಡಿದೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಭಾವನಿಗೆ 'ಮುದ್ದೆ ತಲೈವರ್' ಎಂಬ ಹೆಸರು ನಿಂತಿತು. ಮುದ್ದೆ ಅಧ್ಯಕ್ಷ. ಪ್ಯಾಸೆಂಜರುಗಳೂ ಹಾಗೇ ಕರೆಯುತ್ತಿದ್ದರು. ಅವನು ಓಗೊಡುತ್ತಿದ್ದ.

ಓಗೊಡದವಳು ಅವನ ಹೆಂಡತಿ. ಗಂಡ ಉಪವಾಸದಲ್ಲಿ ಏನೂ ತಿಂದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೂರು ದಿನವೂ ಸಂಜೆ ಹಸಿದು ಬಂದವನಿಗೆ ಬಡಿಸಿದವಳು ಅವಳೇ ತಾನೆ. "ನಲವತ್ತು ಜನದ ಮುಂದೆ ಅಣ್ಣನ್ ಮಾನ ಕಳೆದೋಳು ನನ್ ಒಸಲು ದಾಟ್ಬಾರ್ದು" ಎಂದಳಂತೆ. ಭಾವ ಅವಳ ಮಾತು ಮೀರಲಿಲ್ಲ. ಆ ಪೊಂಗಲ್‌ಗೆ ಸೀರೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬಸ್ಸು ನಮ್ಮ ಮನೆಯ ಮುಂದೆ ಹಾರನ್ ಇಲ್ಲದೆ ಹೋಗತೊಡಗಿತು. ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಬೇಲಿಯ ಹತ್ತಿರ ಕೋಳಿ ಹುಡುಕುವವಳಂತೆ ನಿಂತಿರುತ್ತಿದ್ದಳು. ಆಗ ನಮ್ಮ ಮನೆಯಲ್ಲಿ ಕೋಳಿಗಳೇ ಇರಲಿಲ್ಲ.

ಅವಳು ಅವತ್ತಿಂದ ಅವರೆಕಾಳಿನ ಸಾರು ಮಾಡುವುದನ್ನೇ ಬಿಟ್ಟಳು.

ದಶಕ ಮುಗಿಯುತ್ತಾ ಬಂದಾಗ ಭಾವ ರಿಟೈರ್ ಆದ. ಅವನ ಕೊನೆಯ ಟ್ರಿಪ್ಪಿಗೆ ನಾನೇ ಕೇಳಿಕೊಂಡು ಕಂಡಕ್ಟರಾಗಿ ಹೋದೆ. ಪೆನ್ನಾಗರಂನಲ್ಲಿ ಟೀ ಕುಡಿಯುವಾಗ ಬಾಯಿಬಿಟ್ಟೆ.

"ಬಾವ, ಆ ಕ್ಯಾರಿಯರ್ ನಂದು."

"ಗೊತ್ತು ಕಣ್ ಮಾಪ್ಳೆ."

"ಯಾವಾಗಿಂದ?"

"ಅವತ್ತೇ. ಅವರೆಕಾಳು ವಾಸನೆ ಬಂತು. ನಂಗೆ ಅವರೆಕಾಳು ಆಗಾಕಿಲ್ಲ, ಒಟ್ಟೆ ಉಬ್ರುಸ್ತೈತೆ. ನನ್ ತಂಗೀಗೆ ಅದು ಗೊತ್ತಿಲ್ವಾ? ನಂಗೆ ತರೋಳು ಅದ್ನ ಆಕ್ತಾಳಾ?"

"ತಪ್ಪಾಯ್ತು ಬಾವ."

"ನನ್ನತ್ರ ಏನ್ ಕೇಳ್ತೀಯ? ನಾನು ತಿನ್ನದೇನೇ ಬೈಸ್ಕೊಂಡೆ, ಮುಗೀತು. ಅಣ್ಣನ್ ಮೇಲೆ ಅವಳ ಕೈಲಿ ಸುಳ್ಳು ಆಡಿಸ್ದೆ ನೀನು. ಅವಳತ್ರ ಕೇಳು. ಕೇಳ್ತೀನಿ ಅನ್ನು, ಇವತ್ತು ಆರನ್ ಒಡೀತೀನಿ. ಮನೇಲಿ ಬೈದ್ರೆ ಬೈಸ್ಕೊತೀನಿ."

"ಕೇಳ್ತೀನಿ" ಎಂದೆ.

ಮನೆಯ ಮುಂದೆ ಭಾವ ಬಸ್ಸು ನಿಲ್ಲಿಸಿ ಎರಡು ಸಲ ಹಾರನ್ ಹೊಡೆದ. ಅವಳು ಕೈತುಂಬ ರಾಗಿಹಿಟ್ಟಿನಲ್ಲೇ ಓಡಿ ಬಂದಳು. ಮೊದಲು ಅಣ್ಣನನ್ನು ನೋಡಿದಳು, ಆಮೇಲೆ ಹಿಂಬಾಗಿಲಲ್ಲಿ ನಿಂತ ನನ್ನನ್ನು. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು. ಬಸ್ಸಿನಲ್ಲಿ ಐವತ್ತು ಜನ, ನಾನು ಯೂನಿಯನ್ ಅಧ್ಯಕ್ಷ. ವಿಸಿಲ್ ಬಾಯಿಗಿಟ್ಟು ಎರಡು ಊದಿ, "ರೈಟ್, ಪೋಲಾಂ" ಎಂದು ಹೊರಡಲು ಹೇಳಿಬಿಟ್ಟೆ. ಕನ್ನಡಿಯಲ್ಲಿ ಭಾವ ನನ್ನನ್ನು ನೋಡಿದ್ದು ಕಂಡಿತು. ಬಸ್ಸು ಹೊರಟಿತು.

ಸಂಜೆ ಅವಳು, "ಅಣ್ಣ ಯಾಕೆ ಆರನ್ ಒಡೆದ?" ಎಂದು ಕೇಳಿದಳು.

"ಕಡೇ ಟ್ರಿಪ್ಪು ಅಲ್ವಾ" ಎಂದೆ.

ಭಾವ ಈಗಿಲ್ಲ. ಆ ಕ್ಯಾರಿಯರ್ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ, ಹೆಸರು ಸವೆದಿದೆ. ನಾನು ಬರೆಯುತ್ತಿರುವುದನ್ನು ಅವಳು ಎರಡು ಸಲ ಬಂದು ಇಣುಕಿ ಹೋದಳು. ಏನು ಎಂದದ್ದಕ್ಕೆ ಯೂನಿಯನ್ ವಿಷಯ ಎಂದೆ. ಅವಳಿಗೆ ತಮಿಳು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆದದ್ದೂ ಡಿಪೋದ ಹಿಂದೆ ಹೋಗಿ ಮುದ್ದೆ ಉಂಡ ಹಾಗೆಯೇ ಎಂದು ಈ ಸಾಲಿಗೆ ಬಂದಮೇಲೆ ಗೊತ್ತಾಗುತ್ತಿದೆ. ಓದಿ ಹೇಳಬೇಕು, ಇವತ್ತೇ, ಅವಳು ಹಿಟ್ಟು ಕಲಸಿ ಮುಗಿಸಿದ ಮೇಲೆ. ನಾನು ತಪ್ಪಾಯಿತು ಎನ್ನದೆ ಉಳಿಸಿಕೊಂಡದ್ದು ಅವಳೊಬ್ಬಳ ಹತ್ತಿರವೇ. ನನ್ನ ಹೆಂಡತಿಯ ಹತ್ತಿರ.