ಚಿಕ್ಕಮ್ಮನ ಎರಡು ನೀಲಿ ಪರದೆಗಳು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತೂ ಕಡಿಮೆ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬರೆಯಹೊರಟಿರುವುದು ನಮ್ಮ ಜೊತೆಗೇ ಇರುವ ಚಿಕ್ಕಮ್ಮನ ಬಗ್ಗೆ.

ಚಿಕ್ಕಮ್ಮ ಬಲು ಪುಕ್ಕಲಿ. ಲಿಫ್ಟ್ ಹತ್ತುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿಂದ ವಾಪಸ್ ಬರುತ್ತಾಳೆ. "ನೀನು ಹಗ್ಗ ಕಂಡ್ರೂ ಹಾವು ಅನ್ನೋಳು," ಎಂದು ಅಪ್ಪ ಛೇಡಿಸಿದರೆ, "ಹಾವನ್ನ ಹಗ್ಗ ಅಂದೋರು ಯಾರೂ ನನ್ನ ಕೆಲಸದಲ್ಲಿ ಉಳಿದಿಲ್ಲ ಭಾವ," ಅನ್ನುತ್ತಾಳೆ.

ಆಸ್ಪತ್ರೆಯ ಕಂಪ್ಯೂಟರು ಕೆಟ್ಟರೆ ಮನೆಯಿಂದಲೇ ಸರಿಮಾಡುವುದು ಅವಳ ಕೆಲಸ. ಬ್ಲಡ್ ಬ್ಯಾಂಕಿನದು ದೊಡ್ಡ ಕಂಪ್ಯೂಟರಿನ ಒಳಗೆ ನಡೆಯುವ ಇನ್ನೊಂದು ಕಂಪ್ಯೂಟರು. ವರ್ಚುವಲ್ ಮಷೀನ್ ಅನ್ನುತ್ತಾರೆ. ಅದರಲ್ಲಿ ಫೈಲು ತೆರೆದಾಗಲೆಲ್ಲ ನಡುವೆ ಫಿಲ್ಟರ್ ಡ್ರೈವರುಗಳೆಂಬ ಕಾವಲುಗಾರರು ನಿಂತಿರುತ್ತಾರೆ. ಒಬ್ಬ ವೈರಸ್ ಹುಡುಕುವವನು. ಇನ್ನೊಬ್ಬ ಬೀಗದವನು: ಬರೆಯುವಾಗ ಫೈಲನ್ನು ಗೂಢಲಿಪಿ ಮಾಡಿ, ಓದುವಾಗ ಬಿಡಿಸಿ ಕೊಡುತ್ತಾನೆ. ಮೊನ್ನೆ ಇಬ್ಬರೂ "ನೀವು ಮೊದಲು, ನೀವು ಮೊದಲು" ಎನ್ನುತ್ತ ಬಾಗಿಲಲ್ಲೇ ನಿಂತ ನೆಂಟರಂತಾಗಿ ಯಂತ್ರ ಮರಗಟ್ಟಿತು.

ಬೆಳಿಗ್ಗೆ ಬಂದ ರಕ್ತದ ಚೀಲಗಳ ಮೇಲೆ ಇನ್ನೂ ನಂಬರು ಮಾತ್ರ ಇತ್ತು. ಯಾವುದು ಯಾವ ಗುಂಪು ಎಂಬುದು ಫೈಲಿನಲ್ಲಿತ್ತು. ಹೆರಿಗೆ ವಾರ್ಡಿನಲ್ಲಿ ಒಬ್ಬಾಕೆಗೆ ರಕ್ತಸ್ರಾವ ನಿಂತಿರಲಿಲ್ಲ.

ಚಿಕ್ಕಮ್ಮ ಅಸಲು ಯಂತ್ರಕ್ಕೆ ನೇರವಾಗಿ ಕೈ ಹಾಕುವವಳಲ್ಲ. ಹಿಂದಿನ ದಿನದ ಬ್ಯಾಕಪ್‌ನಿಂದ ಒಂದು ನಕಲು ಎಬ್ಬಿಸಿದಳು. ಒಳಗೆ ಹೊಕ್ಕು ನೋಡಿದರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ. ಅದಕ್ಕೇ ನಕಲಿನ ಪರದೆಗೆ ಕೆಂಪು ಬಣ್ಣ ಹಾಕುವುದು ಅವಳ ಪದ್ಧತಿ. ಅಸಲು ನೀಲಿ. ಅಂದೂ ಕೆಂಪು ಹಾಕಿದಳು, ಆದರೆ ನಕಲೂ ಮರಗಟ್ಟಿತು. ಅದರಲ್ಲಿ ವೈರಸ್‌ನವನನ್ನು ತೆಗೆದು, ಯಂತ್ರವನ್ನು ಮತ್ತೆ ಶುರುವಿಗೆ ಹಾಕಿದಳು.

ಅಷ್ಟರಲ್ಲಿ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಫೋನು. "ಮೇಡಂ, ಒಂದ್ಸಲ ನಮ್ಮದನ್ನ ನೋಡಿ, ಅಲ್ಲಾಡ್ತಾನೇ ಇಲ್ಲ. ವಾರ್ಡಿನವರು ನನ್ನ ತಲೆ ಮೇಲೇ ಕೂತಿದಾರೆ."

ಅಸಲನ್ನು ತೆರೆದು ನೋಡಿದಳು, ಸಮಾಧಾನ ಹೇಳಿದಳು. ಫೋನು ಕಿವಿಯಲ್ಲೇ ಇತ್ತು. ಬಣ್ಣದ ಕಡೆ ನೋಡದೆ, ನಕಲಿಗೆ ವಾಪಸ್ ಬಂದೆನೆಂದೇ ಅವಳ ಎಣಿಕೆ. "ಇನ್ನೂ ಮರಗಟ್ಟಿದೆ. ಹಾಗಾದ್ರೆ ಬೀಗದವನದೇ ಕಿತಾಪತಿ," ಎಂದು ಅವನನ್ನು ತೆಗೆದು, ಮತ್ತೆ ಶುರುಮಾಡಿದಳು.

ಪರದೆ ನೀಲಿಯಾಗಿ ಎದ್ದಿತು.

"ಕೆಂಪು ಎಲ್ಲಿ ಪುಟ್ಟೀ?" ಎಂದಳು. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ನಾನು ತಲೆ ಎತ್ತಿ ಪರದೆ ನೋಡಿದೆ. ಇನ್ನೊಂದು ಕಿಟಕಿ ತೆರೆದಳು. ಅದೂ ನೀಲಿ. ಯಾವುದು ಅಸಲು, ಯಾವುದು ನಕಲು ತಿಳಿಯದಾಯಿತು. ಬಣ್ಣವೂ ಒಂದು ಫೈಲಿಗೇ ಹೋಗಿ ಕೂರಬೇಕಂತೆ. ಮರಗಟ್ಟಿದ ನಕಲಿನಲ್ಲಿ ಕೆಂಪು ಉಳಿದೇ ಇರಲಿಲ್ಲ.

ಆಗ ಫೋನಿನಿಂದ, "ಎದ್ದಿತು ಮೇಡಂ! ಆದ್ರೆ ಫೈಲು ಓದಕ್ಕಾಗ್ತಿಲ್ಲ, ಹೊಸದು ಮಾಡ್ಲಾ ಅಂತ ಕೇಳ್ತಿದೆ. ಹೌದು ಅಂತ ಒತ್ತಲಾ?"

"ಬೇಡ! ಕೈ ತೆಗೀರಿ!"

ಚಿಕ್ಕಮ್ಮ ಕಿರುಚಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಬಟಾಣಿ ನೆಲದ ತುಂಬ ಚೆಲ್ಲಿತು.

"ಒತ್ತಿದ್ರೆ ಇವತ್ತಿನದೆಲ್ಲ ಅಳಿಸಿಹೋಗತ್ತೆ. ತಪ್ಪು ನನ್ನದು, ನಕಲು ಅಂದ್ಕೊಂಡು ನಿಮ್ಮ ಯಂತ್ರಕ್ಕೇ ಕೈ ಹಾಕಿದೀನಿ. ನನ್ನನ್ನ ನಂಬ್ಕೊಂಡು ಕಾಯಬೇಡಿ, ಚೀಲಗಳನ್ನ ಮತ್ತೆ ಟೆಸ್ಟ್ ಮಾಡೋಕೆ ಶುರು ಮಾಡಿ."

"ಸರಿ ಮೇಡಂ. ಒತ್ತಿಲ್ಲ."

ಬೀಗದವನನ್ನು ವಾಪಸ್ ಕೂರಿಸಿದಳು, ವೈರಸ್‌ನವನನ್ನು ತೆಗೆದಳು, ಮತ್ತೆ ಶುರುಮಾಡಿದಳು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು. ನಾನು ಮುಖವೇ ಕಾಣದ, ಹೆರಿಗೆ ವಾರ್ಡಿನ ಆ ಹೆಂಗಸೇ ಕಣ್ಣಮುಂದೆ ಬರುತ್ತಿದ್ದಳು.

"ಬಂತು," ಎಂದ ಟೆಕ್ನಿಷಿಯನ್. "ಈಗ ಟೆಸ್ಟ್ ಮಾಡಿದ ಚೀಲಕ್ಕೂ ಫೈಲಿಗೂ ತಾಳೆ ಆಯ್ತು. ವಾರ್ಡಿಗೆ ಕಳಿಸ್ತಿದೀನಿ."

ಚಿಕ್ಕಮ್ಮ ನಗಲಿಲ್ಲ. ತಾನೇ ಆಸ್ಪತ್ರೆಯ ಮೇಲಿನವರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆ ಹೆಂಗಸು ಉಳಿದಳಂತೆ.

ನಾಳೆ ಬೆಳಿಗ್ಗೆ ನನ್ನ ಕೋಣೆಯ ಮಾನಿಟರನ್ನು ಅವಳ ಮೇಜಿಗೆ ತಂದು ಜೋಡಿಸುತ್ತೇನೆ. ಇನ್ನು ನಕಲನ್ನು ಅದರಲ್ಲಿ ಮಾತ್ರ ತೆರೆಯಬೇಕು ಎಂದು ಅವಳಿಗೆ ಹೇಳುತ್ತೇನೆ.