ಬೋರಲು ಮಲಗಿಸಿದ ಮಧ್ಯಾಹ್ನ

ಹಾಸಿಗೆಯಮ್ಮ ಎಂದರೆ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷ ಹತ್ತಿ ಹಿಂಜಿ, ತುಂಬಿ, ಹೊಲಿದು ಅವಳ ಬೆರಳುಗಳು ಜಡ್ಡುಗಟ್ಟಿದ್ದವು. ಒತ್ತಿದ ಮುಷ್ಟಿ ಮಣಿಕಟ್ಟಿನವರೆಗೆ ಮುಳುಗಿದರೇನೇ ಹಾಸಿಗೆ ಅಂಗಡಿಯ ಹೊಸ್ತಿಲು ದಾಟುತ್ತಿತ್ತು. ಅಂಥವಳ ಮೊಮ್ಮಗಳು ಮಲಗುವುದು ಎಲ್ಲಿ? ಹಲಗೆಯಂಥ ತೆಳು ಹಾಸಿನ ಮೇಲೆ, ಅಂಗಾತ, ತಲೆಗೊಂದು ದಿಂಬೂ ಇಲ್ಲದೆ! ಅಜ್ಜಿಗೆ ಮೈ ಉರಿಯದೆ ಇರುತ್ತದೆಯೇ?

"ಡಾಕ್ಟರು ಹೇಳಿದಾರೆ ಅತ್ತೆ. ಅಂಗಾತವೇ ಮಲಗಿಸ್ಬೇಕು, ಹಾಸಿಗೆ ಗಟ್ಟಿ ಇರ್ಬೇಕು," ಎನ್ನುತ್ತಿದ್ದಳು ಸೊಸೆ.

"ನಿನ್ನ ಗಂಡನ್ನ ಬೋರಲು ಮಲಗಿಸೇ ಬೆಳೆಸಿದ್ದು ಕಣೇ. ಅವನಿಗೇನಾಗಿದೆ ದಾಡಿ?"

ಸೊಸೆ ಎದುರಾಡದೆ ಮಗುವಿನ ಹಾಸು ಸರಿಮಾಡುತ್ತಿದ್ದಳು. ಮೂರು ತಿಂಗಳ ಕೂಸು ಮಾತ್ರ ಕಾಲು ಗಂಟೆಗೊಮ್ಮೆ ಬೆಚ್ಚಿ, ಕೈಕಾಲು ಬಡಿದು, ಸೂರು ಹಾರಿಹೋಗುವಂತೆ ಅಳುತ್ತಿತ್ತು.

ಆವತ್ತು ಮಧ್ಯಾಹ್ನ ಸೊಸೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಮತ್ತೆ ಕೆಲಸಕ್ಕೆ ಸೇರುವ ಮಾತಾಡಲು ಆಫೀಸಿಗೆ ಹೋದಳು. ಅವಳು ಬೀದಿ ತಿರುವು ದಾಟಿದ್ದೇ ತಡ, ಹಾಸಿಗೆಯಮ್ಮ ತಾನು ಕೂಸಿಗೆಂದೇ ಹೊಲಿದಿದ್ದ, ಸೊಸೆ ಅಟ್ಟಕ್ಕೇರಿಸಿದ್ದ ಪುಟ್ಟ ಹಾಸಿಗೆಯನ್ನು ಕೆಳಗಿಳಿಸಿದಳು. ಮಗುವನ್ನು ಅದರ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಎರಡೇ ನಿಮಿಷ, ಗಪ್‌ಚಿಪ್!

"ಬರಲಿ ಅವಳು, ತೋರಿಸ್ತೀನಿ ಮಲಗಿಸೋದು ಹೇಗೆ ಅಂತ," ಎಂದು ಬೀಗಿದಳು.

ದುಡಿದ ಕೈ ಸುಮ್ಮನಿರುವುದಿಲ್ಲ. ಅಭ್ಯಾಸಬಲದಿಂದ ಮಗುವಿನ ಪಕ್ಕದಲ್ಲೇ ಮುಷ್ಟಿ ಒತ್ತಿದಳು. ಮಣಿಕಟ್ಟಿನವರೆಗೆ ಮುಳುಗಿತು. ಆಗ ಕಣ್ಣು ಮಗುವಿನ ಮುಖದ ಕಡೆ ಹೋಯಿತು. ಮೂಗು ಬಾಯಿ ಎರಡೂ ಹಾಸಿಗೆಯೊಳಗೆ ಇಳಿದುಹೋಗಿದ್ದವು.

ಬಾಚಿ ಎತ್ತಿಕೊಂಡಳು. ಮಗು ಒಂದು ಗಳಿಗೆ ಅಲುಗಲಿಲ್ಲ. ಅವಳು ಅದರ ಅಂಗಾಲು ಉಜ್ಜಿದಳು. ಆಮೇಲೆ ಕೂಸು ಕೆಂಪಗಾಗಿ ಕಿಟಾರನೆ ಕಿರುಚಿತು.

ಭಯ ಇಳಿದಂತೆಲ್ಲ ಸಿಟ್ಟು ಏರಿತು. ಎಷ್ಟು ಮನೆಯ ಕೂಸುಗಳಿಗೆ ಇಂಥದೇ ಹಾಸಿಗೆ ಹೊಲಿದು ಕೊಟ್ಟಿದ್ದಳು! ಒಬ್ಬರಾದರೂ ಹೇಳಬಾರದಿತ್ತೇ? ಹೇಳಿದವಳು ಒಬ್ಬಳಿದ್ದಳು, ಅವಳ ಮಾತನ್ನು ತಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಅದು ನೆನಪಾಗಿ ಸಿಟ್ಟು ಇಮ್ಮಡಿಯಾಯಿತು.

ಸೊಸೆ ಬಂದಾಗ ಮಗು ತೆಳು ಹಾಸಿನ ಮೇಲೆ ಅಂಗಾತ ಮಲಗಿ ಅಳುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತು ಪುಟ್ಟ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದಳು.

"ಬೋರಲು ಮಲಗಿಸಿದ್ದೆ. ಮೂಗು ಮುಚ್ಚಿಹೋಗಿತ್ತು," ಎಂದಳು, ತಲೆ ಎತ್ತದೆ.

ಸೊಸೆ ಮಗುವನ್ನು ಎತ್ತಿ ಎದೆಗವಚಿಕೊಂಡಳು.

"ಬಾಯಿ ಬಿದ್ದುಹೋಯ್ತಾ? ಬೈಯೇ ನನ್ನ! ಮೊದಲೇ ನಾಲ್ಕು ಬೈದಿದ್ರೆ ಹೀಗಾಗ್ತಿತ್ತಾ?" ಹಾಸಿಗೆಯಮ್ಮ ಕತ್ತರಿ ಬಿಸಾಡಿ ಅಬ್ಬರಿಸಿದಳು.

"ಸೋಮವಾರದಿಂದ ಬರ್ತೀನಿ ಅಂತ ಆಫೀಸಲ್ಲಿ ಹೇಳಿ ಬಂದೆ," ಎಂದಳು ಸೊಸೆ. "ಮಗೂನ ನಮ್ಮತ್ತೆ ನೋಡ್ಕೊಳ್ತಾರೆ, ನಂಗೇನೂ ಚಿಂತೆ ಇಲ್ಲ ಅಂತ."