ಎರಡು ಚುಚ್ಚುಮದ್ದು, ಒಂದೇ ಗಂಟು

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಎಲ್ಲರೂ ನನ್ನೆದುರು ಪಿಸುಗುಟ್ಟತೊಡಗಿದರು. ಹಾಗೆ ಮಾಡದವಳು ಒಬ್ಬಳೇ, ಶಿಡ್ಲಘಟ್ಟದ ನನ್ನ ಕಾಲೇಜು ಗೆಳತಿ. ಅವಳ ಮನೆಯವರದು ರೇಷ್ಮೆ ನೂಲು ತೆಗೆಯುವ ಕಸುಬು. ಯಂತ್ರಗಳ ಸದ್ದಿನಲ್ಲಿ ಬೆಳೆದ ಅವಳಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ಬೆಂಗಳೂರಿನ ಆಸ್ಪತ್ರೆಗೆ ನನ್ನ ಜೊತೆ ಹೊರಟವಳೂ ಅವಳೇ.

ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೇಡಂ, ಗಂಟಿನೊಳಗೆ ಎಲ್ಲಿ ಆಕ್ಸಿಜನ್ ಕಮ್ಮಿ ಇರುತ್ತೋ ಅಲ್ಲಿ ರೇಡಿಯೇಷನ್ ಅಷ್ಟಾಗಿ ನಾಟಲ್ಲ. ಆ ಜಾಗ ಕಂಡುಹಿಡಿಯೋಕೆ ವಿಕಿರಣ ಸೂಸೋ ಔಷಧಿ ಎರಡಿವೆ. ಯಾವುದು ಚೆನ್ನಾಗಿ ತೋರಿಸುತ್ತೆ ಅಂತ ಹೋಲಿಸಿ ನೋಡ್ತಿದೀವಿ. ಒಂದೇ ವಾರದಲ್ಲಿ ಎರಡು ಸ್ಕ್ಯಾನ್. ನೀವು ಒಪ್ಪಿದ್ರೆ ಮಾತ್ರ."

ವಾರಗಟ್ಟಲೆ ಹೆದರಿ ಕೂತಿದ್ದ ನನ್ನೊಳಗಿನ ಟೀಚರು ತಟ್ಟನೆ ಎದ್ದು ನಿಂತಳು. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಎರಡು ಔಷಧಿಗಳೂ ಆಕ್ಸಿಜನ್ ಕಮ್ಮಿ ಇರುವ ಜೀವಕೋಶಗಳೊಳಗೆ ಸಿಕ್ಕಿಕೊಳ್ಳುತ್ತವೆ, ಉಳಿದ ಕಡೆಯಿಂದ ತೊಳೆದುಹೋಗುತ್ತವೆ. ಅವುಗಳಲ್ಲಿ ಹಳೆಯದು ರಕ್ತದಿಂದ ನಿಧಾನವಾಗಿ ಹೋಗುವುದರಿಂದ ಚುಚ್ಚಿದ ಮೇಲೆ ಸ್ಕ್ಯಾನಿಗೆ ನಾಲ್ಕು ಗಂಟೆ ಕಾಯಬೇಕು; ಹೊಸದಕ್ಕೆ ಎರಡೇ ಸಾಕು.

"ನಮ್ಮಣ್ಣ ರೇಷ್ಮೆಗೂಡು ಕೊಳ್ಳೋವಾಗ ಒಳಗಿನ ಹುಳ ಹೆಂಗಿದೆ ಅಂತ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾನಲ್ಲ, ಹಂಗೆ ನಿನ್ನೂ ಎರಡು ಸಲ ಅಲ್ಲಾಡಿಸ್ತಾರೆ ಬಿಡು," ಎಂದಳು ಗೆಳತಿ. ಡಾಕ್ಟರು ನಗು ತಡೆಯಲಾರದೆ ಪೆನ್ನು ಬೀಳಿಸಿದರು. ನಾನು ಸಹಿ ಹಾಕಿದೆ.

ಮೊದಲ ದಿನ ಹಳೆಯ ಔಷಧಿ. ಚುಚ್ಚಿದ ಮೇಲೆ ನನ್ನನ್ನು ಬೇರೆ ಕೋಣೆಯಲ್ಲಿ ಮಲಗಿಸಿದರು. ಗಾಜಿನಾಚೆ ನಿಂತ ಗೆಳತಿ ಫೋನು ಮಾಡಿದಳು.

"ಹೊಳೀತಿದೀಯೇನೇ?"

"ನಿಂಗೇನಾದ್ರೂ ಕಾಣ್ತಿದೆಯಾ?"

"ಮೂಗು ಒಂಚೂರು."

ಇಬ್ಬರಿಗೂ ನಗು ನಿಲ್ಲಲಿಲ್ಲ. ಸಿಸ್ಟರ್ ಬಂದು, "ಅಮ್ಮಾ, ಸುಮ್ನೆ ಮಲಕ್ಕೊಳಿ. ಇದು ಮದುವೆ ಮನೆ ಅಲ್ಲ," ಎಂದು ಗದರಿದರು. ಸ್ಕ್ಯಾನ್ ಮುಗಿಯುವ ಹೊತ್ತಿಗೆ ಗೆಳತಿ ತನ್ನ ಪಕ್ಷ ಆರಿಸಿಕೊಂಡಿದ್ದಳು. "ನಾನು ಹಳೇದರ ಕಡೆ. ಇಷ್ಟು ಹೊತ್ತು ಕಾದಿದೀನಿ, ಅದೇ ಗೆಲ್ಲಬೇಕು!" ಹಾಗಾದರೆ ನಾನು ಹೊಸದರ ಕಡೆ.

ಎರಡನೆಯ ಸಲ, ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಯಂತ್ರದೊಳಗೆ ತಳ್ಳಿದಾಗ, "ಮೂಗು ಒಂಚೂರು" ನೆನಪಾಗಬೇಕೇ! ಹೊಟ್ಟೆಯಿಂದ ನಗು ಉಕ್ಕಿ ಬಂತು. ಅಲುಗಾಡುವಂತಿಲ್ಲ. ತಡೆಯಲು ಮೂಲವಸ್ತುಗಳನ್ನು ಮನಸ್ಸಿನಲ್ಲೇ ಒಪ್ಪಿಸತೊಡಗಿದೆ. ಹೈಡ್ರೋಜನ್, ಹೀಲಿಯಂ... ಎಂಟನೆಯದು ಆಕ್ಸಿಜನ್, ಒಂಬತ್ತನೆಯದು ಫ್ಲೋರಿನ್. ಆಗ ನನ್ನ ರಕ್ತದಲ್ಲಿ ಓಡುತ್ತಿದ್ದದ್ದು ಅದೇ ಫ್ಲೋರಿನ್ನಿನ ವಿಕಿರಣ ರೂಪ. ಒಂಬತ್ತನೆಯದು ಎಂಟನೆಯದಿಲ್ಲದ ಜಾಗ ಹುಡುಕಿಕೊಂಡು ಹೊರಟಿದೆ ಎನ್ನಿಸಿ ನಗು ಇನ್ನೂ ಜಾಸ್ತಿಯಾಯಿತು. ಹೇಗೆ ತಡೆದೆನೋ ಗೊತ್ತಿಲ್ಲ.

ಮರುವಾರ ಡಾಕ್ಟರು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಮಸುಕಾದ ಮಚ್ಚೆ. ಹೊಸದರಲ್ಲಿ ಅದೇ ಜಾಗದಲ್ಲಿ ಸ್ಪಷ್ಟವಾದ ಪುಟ್ಟ ಚುಕ್ಕೆ. "ಎರಡೂ ಒಂದೇ ಕಡೆ ತೋರಿಸ್ತಿವೆ ನೋಡಿ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

"ಹಂಗಾದ್ರೆ ಗೆದ್ದಿದ್ಯಾರು?" ಎಂದಳು ಗೆಳತಿ.

"ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ. ಇನ್ನೂ ತುಂಬಾ ಜನರನ್ನ ನೋಡಬೇಕು. ಆದ್ರೆ ಇವರಲ್ಲಿ ಹೊಸದೇ ಚೆನ್ನಾಗಿ ಕಾಣ್ತಿದೆ."

ನಾನು ಚಪ್ಪಾಳೆ ತಟ್ಟಿದೆ. ನನ್ನದೇ ಕ್ಯಾನ್ಸರಿನ ಚಿತ್ರದ ಮುಂದೆ ಕೂತು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲಿನ ರೇಡಿಯೇಷನ್ನಿನ ದಿನಗಳಲ್ಲಿ ಬಾಯಿ ತುಂಬ ಹುಣ್ಣು, ನಗುವುದಿರಲಿ ಎಂಜಲು ನುಂಗುವುದೂ ಕಷ್ಟವಾಯಿತು. ರುಚಿ ಪೂರ್ತಿ ಹೋಯಿತು. ಕೆಲವು ತಿಂಗಳ ನಂತರ ಡಾಕ್ಟರು ಮತ್ತೊಂದು ಸ್ಕ್ಯಾನ್ ಮಾಡಿಸಿ ನೋಡಿ, "ಗಂಟು ಕಾಣ್ತಿಲ್ಲ," ಎಂದರು.

ವಾಪಸು ಬರುವಾಗ ಚಿಕ್ಕಬಳ್ಳಾಪುರದಲ್ಲಿ ರಸ್ತೆ ಪಕ್ಕ ದ್ರಾಕ್ಷಿ ಮಾರುತ್ತಿದ್ದರು. ಸುಮ್ಮನೆ ಒಂದು ಬಾಯಿಗೆ ಹಾಕಿಕೊಂಡೆ. ನಾಲಗೆ ಚುರ್ ಎಂದಿತು.

"ಹುಳಿ ಕಣೇ! ಹುಳಿ!" ಎಂದು ಕುಣಿದೆ.

ಮಾರುವವನಿಗೆ ಬೇಜಾರಾಯಿತು. "ಏನಕ್ಕಾ, ಒಳ್ಳೇ ಸಿಹಿ ಹಣ್ಣು ಅದು."

"ನೀನು ಇನ್ನೂ ಎರಡು ಕೆಜಿ ಹಾಕಪ್ಪ," ಎಂದಳು ಗೆಳತಿ.